ನಮ್ಮ ಸರ್ವರ್‌ನ ಮಡಿ

ಕೆಟ್ಟುಹೋದ ಯಂತ್ರವನ್ನು ರಿಪೇರಿ ಮಾಡಬಹುದು. ಕೆಡದೆಯೇ, ಗಟ್ಟಿಮುಟ್ಟಾಗಿ ಕೂತು "ನಿನಗೆ ಅನುಮತಿ ಇಲ್ಲ" ಎನ್ನುವ ಯಂತ್ರವನ್ನು ಏನು ಮಾಡಬೇಕು? ನಮ್ಮ ವೆಬ್‌ಸೈಟು ನಡೆಯುವ ಸರ್ವರ್ ಈ ಥರದ್ದು. ಕೆಲವು ದಿನ ಸುಮ್ಮನಿರುತ್ತದೆ. ಇನ್ನೇನು ಬುದ್ಧಿ ಬಂತು ಅನ್ನುವಷ್ಟರಲ್ಲಿ ಮತ್ತೆ ಏನಾದರೊಂದು ಆಗುತ್ತದೆ, ಮನೆಯವರು ಮತ್ತೆ ನಗುತ್ತಾರೆ, ನಾನು ಮತ್ತೆ ಅದರ ಮುಂದೆ ಬೆರಗಾಗಿ ಕೂರುತ್ತೇನೆ.

ನಾಚಾರಂನಲ್ಲಿ ನನ್ನದೊಂದು ಚಿಕ್ಕ ಕಾರ್ಖಾನೆ ಇದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡುತ್ತೇವೆ. ಚಟ್ನಿಪುಡಿಗೆ ಉಪ್ಪು ಖಾರ ಹಾಕುವುದು ಮಾತ್ರ ಇಂದಿಗೂ ಮನೆಯಲ್ಲಿ, ಅತ್ತೆಯವರು. ಮಿಯಾಪುರದ ನಮ್ಮ ಫ್ಲ್ಯಾಟಿನ ಅಡುಗೆಮನೆಯ ಒಂದೇ ಹಂಚಿನಿಂದ ಶುರುವಾದದ್ದು. ಯಾರ ಪೈರವಿ, ಶಿಫಾರಸೂ ಇರಲಿಲ್ಲ. ನನ್ನ ಶಾಲೆ ಹತ್ತನೆಯ ಇಯತ್ತೆಗೇ ಮುಗಿಯಿತು, ಓದು ಮಾತ್ರ ಮುಗಿಯಲಿಲ್ಲ. ಸಾಮಾನು ಕಟ್ಟಿ ಬಂದ ಕಾಗದವನ್ನೂ ನಾನು ಬಿಡಿಸಿ ಓದುತ್ತೇನೆ. ತೆಲುಗು ಓದಲು ಕಲಿತದ್ದು ಈ ಊರಿನ ಬಸ್ಸಿನ ಬೋರ್ಡುಗಳಿಂದ. ಇಂಗ್ಲಿಷ್ ಕಲಿತದ್ದು ಮಿಕ್ಸರ್, ಫ್ರಿಜ್ಜುಗಳ ಜೊತೆ ಬರುವ ಪುಸ್ತಿಕೆಗಳಿಂದ. ಸರ್ವರ್ ಕೂಡ ಹಾಗೆಯೇ, ಓದಿ ಕಲಿತೆ.

ಇದು ನಮ್ಮ ಮೈದುನನಿಗೆ ಸರಿ ಬರಲಿಲ್ಲ. ಅವನು ಮಾದಾಪುರದ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸದವನು, ನಮ್ಮ ಜೊತೆಯೇ ಇರುತ್ತಾನೆ.

"ವೈನಿ, ಇದನ್ನ ಯಾವುದಾರ ಕಂಪನಿಗೆ ವಹಿಸಿಬಿಡ್ರಿ. ಸರ್ವರ್ ನಡಸೂದು ಅಂದ್ರ ರೊಟ್ಟಿ ಬಡದಂಗಲ್ಲ."

"ನಿನಗ ರೊಟ್ಟಿ ಬಡಿಯಾಕ ಬರತೈತೇನು?"

"ಇಲ್ಲ."

"ಮತ್ತ ಹಂಗಲ್ಲ ಅಂತ ನಿನಗ ಹೆಂಗ ಗೊತ್ತಾತು?"

ಕೊನೆಗೆ ಇಬ್ಬರ ನಡುವೆ ಒಂದು ಕರಾರಾಯಿತು. ಸಂಕ್ರಾಂತಿಯ ಮುಂಚೆ ನಮ್ಮ ಸೈಟಿನಲ್ಲಿ ಹೊಸದಾಗಿ ಆರ್ಡರ್ ತೆಗೆದುಕೊಳ್ಳುವ ಪುಟ ತೆರೆಯುವುದಿತ್ತು. ಮಾದಾಪುರದ ಒಂದು ದೊಡ್ಡ ಆಫೀಸಿನ ಕ್ಯಾಂಟೀನಿನವರು ಮೊದಲ ದಿನವೇ ಅದರಲ್ಲಿ ಆರ್ಡರ್ ಕೊಡುವವರಿದ್ದರು. ಆ ದಿನ ಬಂದ ಆರ್ಡರುಗಳೆಲ್ಲ ಸಂಜೆಯೊಳಗೆ ಗಿರಾಕಿಗೆ ಮುಟ್ಟಬೇಕು. ಒಂದೇ ಒಂದು ನಡುವೆ ನಿಂತರೂ ಸರ್ವರ್‌ನ ಪಾಸ್‌ವರ್ಡು ಮೈದುನನ ಕೈಗೆ, ಅಲ್ಲಿಂದ ಅವನು ಹೇಳಿದ ಕಂಪನಿಗೆ. ಆಮೇಲೆ ನಾನು ಉಸಿರೆತ್ತುವ ಹಾಗಿಲ್ಲ. ನನ್ನ ಅಂಗಡಿಯ ಕೀಲಿ ಇನ್ನೊಬ್ಬರ ಸೊಂಟದಲ್ಲಿ! ನೆನೆಸಿಕೊಂಡರೇ ನನಗೆ ಊಟ ಸೇರುತ್ತಿರಲಿಲ್ಲ.

ಆ ದಿನ ಬರುವ ಮುಂಚೆ ಏನೇನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ಏಳು, ಏಳು, ಏಳು

ಸರ್ವರ್ ಪ್ರತಿ ಫೈಲಿನ ವಿಷಯದಲ್ಲೂ ಲೋಕವನ್ನು ಮೂರು ಪಾಲು ಮಾಡುತ್ತದೆ: ಒಡೆಯ, ಒಡೆಯನ ಬಳಗ, ಉಳಿದವರು. ಒಬ್ಬೊಬ್ಬರಿಗೂ ಮೂರು ಹಕ್ಕು: ಓದುವುದು, ಬರೆಯುವುದು, ನಡೆಸುವುದು. ಓದುವುದಕ್ಕೆ ನಾಲ್ಕು, ಬರೆಯುವುದಕ್ಕೆ ಎರಡು, ನಡೆಸುವುದಕ್ಕೆ ಒಂದು; ಮೂರೂ ಕೊಟ್ಟರೆ ಅದರ ಅಂಕಿ ಏಳು. ಇಷ್ಟೇ ವಿದ್ಯೆ. ಇಷ್ಟರ ಮೇಲೆ ಪ್ರಪಂಚದ ವೆಬ್‌ಸೈಟುಗಳೆಲ್ಲ ನಿಂತಿವೆ ಎಂದು ಓದಿದ ದಿನ ನಾನು ಆ ಪುಟವನ್ನು ಮೊದಲಿಂದ ಮತ್ತೊಮ್ಮೆ ಓದಿದೆ.

ಇಷ್ಟು ಓದುವ ಮುಂಚಿನ ಮಾತು. ಸೈಟಿಗೆ ಹೊಸ ಫೋಟೋ ಏರಿಸಲು ಹೋದರೆ "ಅನುಮತಿ ಇಲ್ಲ" ಎಂದು ಬರುತ್ತಿತ್ತು. ಮೈದುನ ಹೆಲ್ಮೆಟ್ ಹಾಕಿಕೊಂಡು ಹೊರಟಿದ್ದ.

"ಎಲ್ಲಾದಕ್ಕೂ ಏಳು, ಏಳು, ಏಳು ಕೊಟ್ಟುಬಿಡ್ರಿ ವೈನಿ. ಎಲ್ಲಾರಿಗೂ ಎಲ್ಲಾ ಹಕ್ಕು. ತಕರಾರ ಇಲ್ಲ!" ಎಂದು ಲಿಫ್ಟಿನೊಳಗಿಂದ ಕೂಗಿದ.

ಕೊಟ್ಟೆ. ಫೋಟೋ ಏರಿತು. ಸೈಟು ಹೂವಿನಂತೆ ಅರಳಿತು. ನಾನು ಕಾರ್ಖಾನೆಯವರಿಗೆಲ್ಲ ಪೇಢೆ ಹಂಚಿದೆ.

ನಮ್ಮ ಸೈಟು ಆಗ ಇದ್ದದ್ದು ಬಾಡಿಗೆಯ ಸರ್ವರ್‌ನಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಹಾಗೆ, ಒಂದೇ ಕಟ್ಟಡದಲ್ಲಿ ಅಕ್ಕಪಕ್ಕ ನೂರಾರು ಮಂದಿ. ನೆರೆಯವರಲ್ಲಿ ಯಾರೋ ಒಬ್ಬನಿಗೆ ನನ್ನ ಬಾಗಿಲು ತೆರೆದಿರುವುದು ಕಂಡಿರಬೇಕು. ಮರುದಿನ ಒಬ್ಬ ಹಳೇ ಗಿರಾಕಿ ಹೆಣ್ಣುಮಗಳು ಫೋನ್ ಮಾಡಿದಳು.

"ಅಕ್ಕಾರ, ನಿಮ್ಮ ಕಡೆ ಬೂಟು ಯಾವಾಗಿಂದ ಮಾಡಾಕತ್ತೀರಿ?"

ತೆಗೆದು ನೋಡುತ್ತೇನೆ, ರೊಟ್ಟಿ ಇದ್ದಲ್ಲಿ ಓಟದ ಬೂಟು. ಚಟ್ನಿಪುಡಿ ಇದ್ದಲ್ಲಿ ತೂಕ ಇಳಿಸುವ ಗುಳಿಗೆ. ಹೋಳಿಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದ. ಅವನಿಗೂ ಇಷ್ಟವಾಗಿರಬೇಕು.

ಅತ್ತೆಯವರ ಮುಂದೆ ಗೋಳು ಹೇಳಿಕೊಂಡೆ. ಅವರು ಶೇಂಗಾ ಹಸನು ಮಾಡುತ್ತ ಕೇಳಿಸಿಕೊಂಡರು.

"ಮುಂಬಾಗಿಲಾ ತೆರದಿಟ್ಟಿ, ಹಿತ್ತಲ ಬಾಗಿಲಾನೂ ತೆರದಿಟ್ಟಿ. ನಾಯಿ ಬಂದು ಅಡಗಿಮನ್ಯಾಗ ಮಲಗಿದ್ರ ನಾಯೀದೇನು ತಪ್ಪು?"

ಅದೆಲ್ಲ ಸರಿ. ನನ್ನನ್ನು ದಂಗುಬಡಿಸಿದ್ದು ಬೇರೆ. ಅದೇ ಹೆಣ್ಣುಮಗಳು ಸಂಜೆ ಮತ್ತೆ ಫೋನ್ ಮಾಡಿದಳು.

"ಅಕ್ಕಾರ, ನಮ್ಮವರ ಅಳತಿ ಒಂಬತ್ತು. ಕರೀದು ಐತೇನು ನೋಡ್ರಿ."

ಒಡತಿ

ಬಾಡಿಗೆ ಮನೆಯ ಸಹವಾಸ ಸಾಕು ಎಂದು ಪೂರ್ತಿ ನನ್ನದೇ ಆದ ಸರ್ವರ್ ತೆಗೆದುಕೊಂಡೆ. ಈಗ ಅಲ್ಲಿ ನೆರೆಯವರಿಲ್ಲ, ನಾನೊಬ್ಬಳೇ. ಹೊಸ ಹೋಳಿಗೆಯ ಫೋಟೋ ಹಾಕಿದೆ. ಮಧ್ಯಾಹ್ನ ಅದನ್ನು ಬದಲಿಸಲು ಹೋದರೆ ಮತ್ತೆ ಅದೇ ಮಾತು: ನಿನಗೆ ಅನುಮತಿ ಇಲ್ಲ.

ನನಗೆ ಮೈಯೆಲ್ಲ ಉರಿಯಿತು. ಹೋಳಿಗೆ ನನ್ನದು, ಫೋಟೋ ನನ್ನದು, ಫೋಟೋದಲ್ಲಿ ಕಾಣುವ ತಟ್ಟೆಯೂ ನನ್ನ ತವರಿನದು! ಸರ್ವರ್ ಕೊಟ್ಟವರ ಸಹಾಯವಾಣಿಗೆ ಫೋನ್ ಹಚ್ಚಿದೆ. ಆ ಕಡೆ ಒಬ್ಬ ಹುಡುಗಿ, ದನಿ ಬೆಣ್ಣೆಯಂಥದ್ದು.

"ಮೇಡಂ, ಆಪ್ ಇಸ್ ಫೈಲ್ ಕೀ ಮಾಲಿಕ್ ನಹೀ ಹೈಂ."

"ನಾನು ಮಾಲಕಿ ಅಲ್ಲವಾ? ಹಾಗಾದರೆ ಯಾರು?" ಎಂದು ನನ್ನ ಹಿಂದಿಯಲ್ಲಿ ಗುಡುಗಿದೆ.

ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು. ಸರ್ವರ್‌ಗೆ ಒಬ್ಬ ಹಿರಿಯ ಯಜಮಾನ ಇರುತ್ತಾನೆ, ಅವನನ್ನು ರೂಟ್ ಅನ್ನುತ್ತಾರೆ. ಅವನ ಮಾತಿಗೆ ಅಲ್ಲಿ ಎದುರಿಲ್ಲ. ಬೆಳಿಗ್ಗೆ ಯಾರೋ ಆ ಯಜಮಾನನ ಹೆಸರಿನಿಂದ ಒಳಗೆ ಬಂದು ಫೋಟೋ ಇಟ್ಟಿದ್ದಾರೆ. ಈಗ ನೀವು ಸಾಧಾರಣ ಹೆಸರಿನಿಂದ ಬಂದಿದ್ದೀರಿ. ಯಜಮಾನ ಇಟ್ಟಿದ್ದನ್ನು ನೀವು ಮುಟ್ಟುವ ಹಾಗಿಲ್ಲ.

"ಬೆಳಿಗ್ಗೆ ಬಂದವರು ಯಾರು?"

"ಮೇಡಂ, ಪಾಸ್‌ವರ್ಡ್ ನಿಮ್ಮೊಬ್ಬರ ಹತ್ತಿರವೇ ಇದೆಯಲ್ಲ?"

ಅಂದರೆ ಬೆಳಿಗ್ಗೆ ಬಂದವಳು ನಾನೇ, ಮಧ್ಯಾಹ್ನ ಬಂದವಳೂ ನಾನೇ. ಬೆಳಗಿನ ನಾನು ಮಧ್ಯಾಹ್ನದ ನನ್ನನ್ನು ಹೊರಗೆ ನಿಲ್ಲಿಸಿದ್ದೆ. ನಾನು ಸೋಲಲು ತಯಾರಿದ್ದರೆ ಅದು ನನ್ನಂಥವಳ ಎದುರೇ ಎಂದು ಯಾವಾಗಲೂ ಹೇಳುತ್ತಿದ್ದೆ, ನಿಜವಾಯಿತು. ಈ ಊರಿನಲ್ಲಿ ಮುಖ ನೋಡಿ ಬಾಗಿಲು ತೆರೆಯದ ಜಾಗ ಯಾವುದಿದೆ? ಸರ್ವರ್ ಒಂದೇ. ಅದು ನನ್ನ ಮುಖವನ್ನೂ ನೋಡಲಿಲ್ಲ. ಸಿಟ್ಟು ಇಳಿದು ಅದರ ಮೇಲೆ ಗೌರವ ಹುಟ್ಟಿತು.

ರಾತ್ರಿ ಊಟಕ್ಕೆ ಬಡಿಸುತ್ತ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರದು ಮಾತು ಕಡಿಮೆ. ತುತ್ತು ನುಂಗಿ ಹೇಳಿದರು:

"ನಿನ್ನ ಕಡೆಯಿಂದ ಪರವಾನಗಿ ತಗೊಳ್ಳೂದು ಎಷ್ಟು ತ್ರಾಸು ಅಂತ ಇವತ್ತು ನಿನಗೂ ಗೊತ್ತಾತಲ್ಲ."

ಭರಣಿ ಇದ್ದ ಕೋಣೆ

ಇನ್ನೊಂದು ಗಂಟು ಎಷ್ಟು ಓದಿದರೂ ಬಿಚ್ಚಿಕೊಳ್ಳಲಿಲ್ಲ. ಚಟ್ನಿಪುಡಿಯ ಫೋಟೋವನ್ನು ಲೋಕವೆಲ್ಲ ನೋಡಬಹುದು ಎಂದು ಹಕ್ಕು ಕೊಟ್ಟಿದ್ದೆ. ಆದರೂ ಯಾರಿಗೂ ಕಾಣುತ್ತಿರಲಿಲ್ಲ. ಪುಸ್ತಕದಲ್ಲಿ "ಫೋಲ್ಡರಿಗೂ ನಡೆಸುವ ಹಕ್ಕು ಬೇಕು" ಎಂದಿತ್ತು. ಫೋಲ್ಡರು ಏನು ಬಂಡಿಯೇ, ನಡೆಸಲು? ಮೈದುನನನ್ನು ಕೇಳಬಹುದಿತ್ತು. ಕೇಳಲಿಲ್ಲ.

ಅವತ್ತು ನಮ್ಮ ಮನೆಯಲ್ಲಿ ಪೂಜೆ. ಅತ್ತೆಯವರು ಮಡಿಯುಟ್ಟು, ಸಾಮಾನಿನ ಕೋಣೆಯನ್ನು ತೊಳೆದು, ನೈವೇದ್ಯ ಅಲ್ಲಿಟ್ಟಿದ್ದರು. ಮಡಿಯಲ್ಲಿ ಇಲ್ಲದವರು ಆ ಕೋಣೆಯ ಹೊಸ್ತಿಲು ದಾಟುವ ಹಾಗಿಲ್ಲ. ನಾನು ಕಾರ್ಖಾನೆಯಿಂದ ಮೆಟ್ರೋದಲ್ಲಿ ಜನರ ನಡುವೆ ನುಗ್ಗಿ ಬಂದವಳು.

"ಉಪ್ಪಿನಕಾಯಿ ತಗೊಂಡು ಬಾ," ಎಂದರು.

"ಭರಣಿ ಮುಟ್ಟಬಹುದೇನ್ರಿ ಅತ್ತೇರ?"

"ನೀ ಹಾಕಿದ ಉಪ್ಪಿನಕಾಯಿ, ನೀ ಮುಟ್ಟಾಕ ಏನಾಗೈತಿ? ಧಾರಾಳ ಮುಟ್ಟು."

"ಎಲ್ಲೈತಿ?"

"ಕೋಣ್ಯಾಗ."

"ಕೋಣ್ಯಾಗ ಹೋಗಬಹುದೇನ್ರಿ?"

"ಛೀ! ಕಾಲಿಟ್ಟೀ ನೋಡು!"

"ಮತ್ತ ಭರಣಿ ಹೆಂಗ ಮುಟ್ಟಲಿ?"

"ಅದು ನಿನಗ ಬಿಟ್ಟದ್ದು. ಭರಣಿದು ನನ್ನದೇನು ತಕರಾರ ಇಲ್ಲ."

ನಾನು ಹೊಸ್ತಿಲ ಈಚೆ ನಿಂತು ಆ ಭರಣಿಯನ್ನು ನೋಡಿದೆ. ಮುಟ್ಟುವ ಹಕ್ಕಿದೆ, ಹೊಸ್ತಿಲು ದಾಟುವ ಹಕ್ಕಿಲ್ಲ. ತಲೆಯಲ್ಲಿ ದೀಪ ಹೊತ್ತಿತು. ಫೋಲ್ಡರು ಎಂದರೆ ಕೋಣೆ! ನಡೆಸುವುದು ಎಂದರೆ ಒಳಗೆ ಹೆಜ್ಜೆ ಇಡುವುದು! ಊಟ ಬಿಟ್ಟು ಓಡಿಹೋಗಿ ಸರ್ವರ್‌ನಲ್ಲಿ ಕೋಣೆಯ ಹೊಸ್ತಿಲು ತೆರೆದೆ. ಚಟ್ನಿಪುಡಿ ಲೋಕಕ್ಕೆಲ್ಲ ಕಾಣಿಸಿತು.

ಇದನ್ನೆಲ್ಲ ಯಾವುದೋ ದೂರದ ದೇಶದಲ್ಲಿ ಕೂತು ಯೋಚಿಸಿದವರು ಎಂಥ ಬುದ್ಧಿವಂತರಿರಬೇಕು ಎಂದು ನನಗೆ ರೋಮಾಂಚನವಾಯಿತು. ಅತ್ತೆಯವರಿಗೂ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, ಸಂಕಟದಿಂದ ತಲೆಯಾಡಿಸಿದರು.

"ಪಾಪ, ಅವರ ಮನ್ಯಾಗೂ ಯಾರೋ ಒಬ್ಬಾಕಿ ಅತ್ತಿ ಇದ್ದಾಳ."

ಮಾವನವರ ಆದೇಶ

ಮಾವನವರು ಸರಕಾರಿ ಕಚೇರಿಯ ದಾಖಲೆ ವಿಭಾಗದಲ್ಲಿದ್ದು ನಿವೃತ್ತರಾದವರು. ಭಾಷೆ ಶುದ್ಧ, ಅಕ್ಷರ ಮುತ್ತಿನಂತೆ. ಸೈಟಿನ ಬರಹದಲ್ಲಿ ತಪ್ಪು ತಿದ್ದಲಿ ಎಂದು ಅವರಿಗೂ ಒಳಗೆ ಬರುವ ಹಕ್ಕು ಕೊಟ್ಟು, ಫೈಲುಗಳನ್ನು ಅವರ ಹೆಸರಿಗೆ ಮಾಡಿದೆ. ಯಾರು ಏನು ನೋಡಬಹುದು ಎಂದು ಬದಲಿಸುವ ವಿಧಾನವನ್ನೂ ಕುತೂಹಲದಿಂದ ಕೇಳಿ ತಿಳಿದುಕೊಂಡರು. ನನಗೆ ಹೆಮ್ಮೆಯಾಯಿತು. ಹೆಮ್ಮೆ ಮರುದಿನ ಊಟದ ಹೊತ್ತಿನವರೆಗೆ ಇತ್ತು.

ಸೈಟು ತೆರೆದರೆ ಬರೀ ಒಂದು ಸಾಲು: ನಿಷೇಧಿಸಲಾಗಿದೆ. ನಾಚಾರಂನಿಂದ ಮನೆಗೆ ಫೋನ್ ಮಾಡಿದೆ.

"ಮಾವಾರ, ನೀವೇನಾರ ಮಾಡೀರೇನ್ರಿ?"

"ಮಾಡೀನಿ. ಆ ಫೈಲುಗಳನ್ನ ಲೋಕದವರೆಲ್ಲಾ ಓದಾಕತ್ತಿದ್ರು. ಹಂಗ ಓದಬಹುದು ಅಂತ ಯಾರು ಆದೇಶ ಕೊಟ್ಟಿದ್ರು?"

"ನಾನ ಕೊಟ್ಟೀನ್ರಿ."

"ಲಿಖಿತ?"

"ಇಲ್ರಿ."

"ಅದಕ್ಕ ಬಂದ್ ಮಾಡೀನಿ. ನಾ ಕಚೇರ್ಯಾಗ ಇರೂ ತನಕ ಒಂದು ಫೈಲು ಹೊರಗ ಹೋಗಿಲ್ಲ. ಇನ್ನ ನೀ ನಿಶ್ಚಿಂತಿಲೆ ಇರು."

"ಗಿರಾಕಿ ನೋಡಬೇಕಲ್ರಿ ಮಾವಾರ! ನೋಡದಿದ್ರ ರೊಟ್ಟಿ ಹೆಂಗ ತಗೋತಾರ?"

ಮಾವನವರು ಯೋಚಿಸಿದರು. ಜೀವನವಿಡೀ ನ್ಯಾಯವಾಗಿ ನಡೆದ ಮನುಷ್ಯ, ಅನ್ಯಾಯ ಮಾಡಲಿಲ್ಲ.

"ಅರ್ಜಿ ಕೊಡಲಿ. ಪರಿಶೀಲಿಸೂಣು."

ಬೋಣಿ

ಕರಾರಿನ ದಿನ ಬಂತು. ಎಲ್ಲ ಫೈಲು, ಎಲ್ಲ ಕೋಣೆ ಹಿಂದಿನ ದಿನವೇ ನೋಡಿಟ್ಟಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ಕಂಪ್ಯೂಟರಿನ ಮುಂದೆ ಕೂತಾಗ ಅತ್ತೆಯವರು ಬಂದರು.

"ಬೋಣಿ ಯಾರದು?"

ಅಂಗಡಿ ನಡೆಸುವವರಿಗೆ ಇದನ್ನು ಹೇಳಬೇಕಿಲ್ಲ. ದಿನದ ಮೊದಲ ವ್ಯಾಪಾರ ಒಳ್ಳೆಯ ಕೈಯಿಂದ ಆಗಬೇಕು, ಇಲ್ಲವಾದರೆ ದಿನವೇ ಹಾಳು.

"ಕ್ಯಾಂಟೀನಿನವರು ಮಾಡತಾರ್ರಿ."

"ಹೊಸಾ ಅಂಗಡಿ ತೆರಿಯಾಕತ್ತೀದಿ, ಬೋಣಿ ಯಾರೋ ಗುರುತಿಲ್ಲದವರದಾ? ಮನಿದೇವರದು ಆಗಲಿ. ಬರಿ: ಮಲ್ಲಯ್ಯ. ಮಿಯಾಪುರ. ಶೇಂಗಾ ಚಟ್ನಿಪುಡಿ, ಒಂದು ಪಾಕೀಟು."

ಅತ್ತೆಯವರ ಮಾತಿಗೆ ರೂಟ್ ಕೂಡ ಎದುರಾಡಲಾರದು. ಆರ್ಡರಿನ ಪುಟ ಇನ್ನೂ ತೆರೆದಿರಲಿಲ್ಲ. ಹಾಗಾಗಿ ಹಿರಿಯ ಯಜಮಾನನ ಹೆಸರಿನಿಂದಲೇ ಒಳಗೆ ಹೋಗಿ, ಅಂದಿನ ಆರ್ಡರಿನ ಫೈಲು ಮಾಡಿ, ಅದರಲ್ಲಿ ಮೊದಲ ಸಾಲಾಗಿ ದೇವರ ಆರ್ಡರನ್ನು ನನ್ನ ಕೈಯಾರೆ ಬರೆದೆ. ಅತ್ತೆಯವರು ಕಂಪ್ಯೂಟರಿಗೆ ಕುಂಕುಮ ಹಚ್ಚಿದರು. ಆಮೇಲೆ ಪುಟ ತೆರೆದು ಕಾರ್ಖಾನೆಗೆ ಹೋದೆ.

ಕ್ಯಾಂಟೀನಿನ ಮ್ಯಾನೇಜರನ ಫೋನ್ ಬಂತು. ಹಳೇ ಶಹರದ ಮನುಷ್ಯ, ಮಾತು ಸಕ್ಕರೆ.

"ಮೇಡಂ, ಆಪ್ಕಾ ದುಕಾನ್ ಬಹುತ್ ಅಚ್ಛಾ ಹೈ. ಮಗರ್ ಮೇರೆಕು ನಕ್ಕೋ ಬೋಲ್ ರಾ."

ಅಂಗಡಿ ಚೆನ್ನಾಗಿದೆ, ಆದರೆ ನನಗೆ ಬೇಡ ಅನ್ನುತ್ತಿದೆ, ಎಂದು. ನಾನೇ ಒಂದು ಆರ್ಡರ್ ಕೊಟ್ಟು ನೋಡಿದೆ. ಅದೇ ಮಾತು: ಬರೆಯಲು ಅನುಮತಿ ಇಲ್ಲ. ಅಷ್ಟರಲ್ಲಿ, ಬೆಳಗಿನಿಂದ ಸೈಟಿನ ಮೇಲೇ ಕಣ್ಣಿಟ್ಟಿದ್ದ ಮೈದುನನ ಸಂದೇಶ ಬಂತು: "ವೈನಿ, ಪಾಸ್‌ವರ್ಡ್ ಹೇಳತೀರೋ, ಬರದು ಕೊಡತೀರೋ?"

ಒಂದೊಂದೇ ಕೋಣೆ ನೋಡಿದೆ. ಎಲ್ಲ ಸರಿ. ಕೊನೆಗೆ ಅಂದಿನ ಆರ್ಡರಿನ ಫೈಲಿನ ಒಡೆಯ ಯಾರೆಂದು ನೋಡಿದೆ. ರೂಟ್! ಯಜಮಾನನ ಹೆಸರಿನಲ್ಲಿ ನಾನು ಬೋಣಿ ಮಾಡಿದ್ದೆ. ಗಿರಾಕಿಗಳ ಆರ್ಡರು ಬರೆದುಕೊಳ್ಳುವ ಕೆಲಸ ಸರ್ವರ್‌ನಲ್ಲಿ ಒಬ್ಬ ಸಾಧಾರಣ ಆಳಿನದು. ಯಜಮಾನ ಮಡಿಯಲ್ಲಿ ಮುಟ್ಟಿದ ಫೈಲನ್ನು ಆ ಆಳು ಮುಟ್ಟಲು ಒಲ್ಲೆ ಎಂದು ಕೈಕಟ್ಟಿ ನಿಂತಿದ್ದ. ಶುಭವಾಗಲಿ ಎಂದು ಮಾಡಿದ ಮೊದಲ ವ್ಯಾಪಾರ ಉಳಿದ ವ್ಯಾಪಾರವನ್ನೆಲ್ಲ ತಡೆದಿತ್ತು.

ಆ ಫೈಲು ಅಳಿಸಿದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಆದರೂ ಮನಸ್ಸು ತಡೆಯದೆ ಮನೆಗೆ ಫೋನ್ ಮಾಡಿದೆ.

"ದೇವರ ಹೆಸರಿಲೆ ಬರದದ್ದು ಅಳಸ್ತೀಯಾ? ಕೈ ಮುಂದ ಮಾಡೀದಿ ಅಂದ್ರ ನೋಡು!" ಎಂದರು ಅತ್ತೆಯವರು.

ಅಳಿಸಲಿಲ್ಲ. ಫೈಲಿನ ಒಡೆತನವನ್ನು ಆ ಆಳಿನ ಹೆಸರಿಗೆ ಬದಲಿಸಿದೆ, ಒಂದೇ ಸಾಲಿನ ಅಪ್ಪಣೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕ್ಯಾಂಟೀನಿನ ಆರ್ಡರು ದೇವರ ಆರ್ಡರಿನ ಕೆಳಗೆ ಬಂದು ಕೂತಿತು. ಹಿಂದೆಯೇ ಮತ್ತೊಂದು, ಮಗದೊಂದು. ಎದುರಿಗೆ ಯಾರೂ ಇರಲಿಲ್ಲ, ಪರದೆಗೆ ಕೈಮುಗಿದೆ.

ಸಂಜೆ ಮನೆಗೆ ಬಂದರೆ ಮೈದುನ ಸೋಫಾದ ಮೇಲೆ ನಮ್ಮ ಸೈಟು ತೆರೆದಿಟ್ಟುಕೊಂಡು ಕೂತಿದ್ದ.

"ಎಲ್ಲಾ ಮುಟ್ಯಾವ್ರಿ ವೈನಿ. ಒಂದು ಬಿಟ್ಟು."

"ಯಾವುದು?"

"ಮೊದಲನೇದು. ಯಾರೋ ಮಲ್ಲಯ್ಯ ಅಂತ. ಕರಾರು ನೆನಪೈತಲ್ಲ?" ಎಂದ, ಮನೆದೇವರ ಹೆಸರನ್ನೇ ಕೇಳದವನ ಹಾಗೆ.

ಆರ್ಡರಿನ ಸಾಲಿನಲ್ಲಿ ಇದ್ದಮೇಲೆ ಕಾರ್ಖಾನೆಯ ಹೆಣ್ಣುಮಕ್ಕಳು ದೇವರ ಚಟ್ನಿಪುಡಿಯನ್ನೂ ನಿಷ್ಠೆಯಿಂದ ಕಟ್ಟಿ ಕಳಿಸಿಬಿಟ್ಟಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಪಾರ್ಸೆಲ್ ತಂದವನು, ನರೆತ ಮೀಸೆಯ ಮನುಷ್ಯ.

"ಮಲ್ಲಯ್ಯಗಾರು ಉನ್ನಾರಾ ಅಮ್ಮಾ?"

"ಉನ್ನಾರು ನಾಯನಾ. ಆಯನ ಎಕ್ಕಡಿಕೀ ಪೋರು," ಎಂದರು ಅತ್ತೆಯವರು. ಇದ್ದಾರಪ್ಪಾ, ಅವರು ಎಲ್ಲಿಗೂ ಹೋಗುವುದಿಲ್ಲ, ಎಂದು.

ನಾನು ಪಾರ್ಸೆಲಿಗೆ ಕೈ ಚಾಚಿದೆ. ಅವನು ಹಿಂದಕ್ಕೆ ಎಳೆದುಕೊಂಡ. ಹೆಸರಿದ್ದವರಿಗೇ ಕೊಟ್ಟು, ಅವರ ಜೊತೆ ಪಾರ್ಸೆಲಿನ ಫೋಟೋ ತೆಗೆಯಬೇಕಂತೆ. ಬೇರೆಯವರಿಗೆ ಕೊಡಲು "ಪರ್ಮಿಷನ್ ಲೇದಮ್ಮಾ" ಎಂದ. ಸೋಫಾದ ಮೇಲೆ ಮೈದುನ ಮುಸಿಮುಸಿ ನಗುತ್ತಿದ್ದ. ಅವರನ್ನೇ ಹೊರಗೆ ಕರೆಯಿರಿ ಎಂದ ಪಾರ್ಸೆಲಿನವನು.

"ಆಯನ ಬಯಟಿಕಿ ರಾರು. ನುವ್ವೇ ಲೋಪಲಿಕಿ ರಾ," ಎಂದರು ಅತ್ತೆಯವರು. ಅವರು ಹೊರಗೆ ಬರುವುದಿಲ್ಲ, ನೀನೇ ಒಳಗೆ ಬಾ. "ಚೆಪ್ಪಲಿ ಅಲ್ಲೇ ಬಿಡು. ಕೈಕಾಲು ತೊಳಕೋ," ಎಂದು ಕನ್ನಡದಲ್ಲೇ ಸೇರಿಸಿದರು. ಅವನಿಗೆ ಅರ್ಥವಾಯಿತು.

ಅವನು ಕೈಕಾಲು ತೊಳೆದು ಒಳಗೆ ಬಂದ. ದೇವರ ಜಗಲಿಯ ಮುಂದೆ ನಿಂತ. ಬೆಳ್ಳಿಯ ಕಣ್ಣು, ಭಂಡಾರದ ಅರಿಸಿನ, ಚೆಂಡು ಹೂವಿನ ಮಾಲೆ ನೋಡಿದ. ಕೈಲಿದ್ದ ಪಾರ್ಸೆಲಿನ ಹೆಸರನ್ನು ಇನ್ನೊಮ್ಮೆ ಓದಿದ. ಪೊಟ್ಟಣವನ್ನು ಜಗಲಿಯ ಮೇಲಿಟ್ಟು, ಕೈಮುಗಿದು, ಎರಡು ಹೆಜ್ಜೆ ಹಿಂದೆ ಸರಿದು ಫೋಟೋ ತೆಗೆದ. ಪ್ರಸಾದ ತೆಗೆದುಕೊಂಡು ಹೋದ.

ಮೈದುನನ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಸೈಟಿನಲ್ಲಿ ಮೊದಲನೆಯ ಆರ್ಡರಿನ ಮುಂದೆ "ತಲುಪಿದೆ" ಎಂದು ಬಂದಿತ್ತು. ಅದರ ಕೆಳಗೆ ಗಿರಾಕಿಯ ಫೋಟೋ: ಮನೆದೇವರು, ಪಾದದ ಹತ್ತಿರ ನಮ್ಮ ಶೇಂಗಾ ಚಟ್ನಿಪುಡಿ.

ಅವನು ಫೋಟೋವನ್ನು ದೊಡ್ಡದು ಮಾಡಿ ನೋಡಿದ.

"ವೈನಿ, ಪಾಸ್‌ವರ್ಡ್ ನೀವಽ ಇಟ್ಕೋರಿ."

"ಯಾಕೋ, ಸೋತಿ ಅಂತೇನು?"

"ಸೋತದ್ದಕ್ಕಲ್ರಿ. ನಾಳೆ ಈ ಗಿರಾಕಿ ಚಟ್ನಿಪುಡಿಗೆ ಉಪ್ಪು ಕಮ್ಮಿ ಆಗೈತಿ ಅಂತ ದೂರು ಕೊಟ್ರ, ಯಾವ ಕಂಪನಿಯವ ಉತ್ತರ ಕೊಡ್ತಾನ?"

ಅಡುಗೆಮನೆಯಿಂದ ಅತ್ತೆಯವರ ದನಿ ಬಂತು:

"ಕಮ್ಮಿ ಆಗಿಲ್ಲ ಅಂತ ಹೇಳು ಅವಗ. ಉಪ್ಪು ನಾನಽ ಹಾಕೀನಿ."